ಬಿಚ್ಚದೆ ಓದಬಹುದು, ತಿದ್ದಲು ಬಾರದು

ರಾಯಚೂರು ಜಿಲ್ಲೆಯ ಮಾನ್ವಿ ತಾಲ್ಲೂಕಿನಲ್ಲಿ, ತುಂಗಭದ್ರೆಯ ದಡದಲ್ಲಿರುವ ಚೀಕಲಪರ್ವಿ ವಿಜಯದಾಸರ (1682–1755) ಹುಟ್ಟೂರು. ಅವರು ರಚಿಸಿದ ಹಾಡು, ಸುಳಾದಿಗಳು ಒಟ್ಟು 25,000 ಎಂಬುದು ಸಂಪ್ರದಾಯದ ಲೆಕ್ಕ. ಇಂದು ದೊರೆಯುವುದು ಅದರಲ್ಲಿ ಒಂದು ಪಾಲು ಮಾತ್ರ. ಬಾಯಿಂದ ಬಾಯಿಗೆ, ಓಲೆಯಿಂದ ಕಾಗದಕ್ಕೆ ದಾಟುವಾಗ ಕೆಲವು ಹಾಡು ಕಳೆದವು, ಕೆಲವದರಲ್ಲಿ ಮಾತು ಬದಲಾದವು.

ಆ ಊರಿನ ಒಬ್ಬ ವಿದ್ಯಾರ್ಥಿನಿ ಅಜ್ಜಿಯ ಹಾಡಿನ ವಹಿಯನ್ನು ರಜೆಯಲ್ಲಿ ಗಣಕಕ್ಕೆ ಇಳಿಸಿದಳೆಂದು ಇಟ್ಟುಕೊಳ್ಳೋಣ. ಮುನ್ನೂರು ಹಾಡು, ಮುನ್ನೂರು ಕಡತ. ಒಂದು ದಿನ ತಮ್ಮ ಆಟವಾಡುತ್ತ ಕೀಲಿಮಣೆ ಒತ್ತುತ್ತಾನೆ. ಒಂದು ಚರಣ ಅಳಿಸಿಹೋಗುತ್ತದೆ, ಕಡತ ಹಾಗೆಯೇ ಉಳಿದುಕೊಳ್ಳುತ್ತದೆ. ಕಡತವೇ ಕಾಣೆಯಾಗಿದ್ದರೆ ಹುಡುಕಬಹುದಿತ್ತು. ಒಳಗಿನ ನಾಲ್ಕು ಸಾಲು ಹೋದದ್ದು ಯಾರ ಗಮನಕ್ಕೆ ಬಂದೀತು? ಓಲೆಗರಿಯ ಕಾಲದ ತೊಂದರೆ ಗಣಕದಲ್ಲಿಯೂ ತಪ್ಪಲಿಲ್ಲ.

ಇದಕ್ಕೆ ಲಿನಕ್ಸ್‌ನಲ್ಲಿ ಒಂದು ಉಪಾಯವಿದೆ. ಫೋಲ್ಡರನ್ನು ಅದರ ಒಳಗಿನದೆಲ್ಲದರ ಸಮೇತ ಒತ್ತಿ, ಓದಲು ಮಾತ್ರ ಬರುವ ಒಂದೇ ಕಡತವನ್ನಾಗಿ ಮಾಡುವುದು. ಇದರ ಹೆಸರು ಸ್ಕ್ವಾಷ್‌ಎಫ್‌ಎಸ್. ಫಿಲಿಪ್ ಲೌಗರ್ ಎಂಬ ತಂತ್ರಜ್ಞರು 2002ರಲ್ಲಿ ಹೊರತಂದ ಈ ವ್ಯವಸ್ಥೆ 2009ರಲ್ಲಿ ಲಿನಕ್ಸ್‌ನ ತಿರುಳಿಗೇ ಸೇರಿತು. ಗಣಕದಲ್ಲಿ ಅಳವಡಿಸದೆ ನೇರವಾಗಿ ನಡೆಸಬಹುದಾದ ಹಲವು ಲಿನಕ್ಸ್ ತಟ್ಟೆಗಳೂ ಉಬುಂಟುವಿನ ಸ್ನ್ಯಾಪ್ ಪೊಟ್ಟಣಗಳೂ ಇದನ್ನೇ ಬಳಸುತ್ತವೆ.

ಒತ್ತುವುದೆಂದರೇನು? ಹಾಡಿನ ಪುಸ್ತಕ ಬಿಡಿಸಿದರೆ ಉತ್ತರ ಸಿಗುತ್ತದೆ. ಪಲ್ಲವಿಯನ್ನು ಮೊದಲು ಒಮ್ಮೆ ಪೂರ್ತಿ ಅಚ್ಚು ಮಾಡಿರುತ್ತಾರೆ. ಪ್ರತಿ ಚರಣದ ಕೊನೆಗೆ ಅದನ್ನು ಮತ್ತೆ ಬರೆಯುವುದಿಲ್ಲ, ಹಾಡುವವರೇ ಪಲ್ಲವಿಗೆ ಮರಳುತ್ತಾರೆ. ಜಾಗ ಉಳಿಯಿತು, ಹಾಡು ಕಡಿಮೆಯಾಗಲಿಲ್ಲ. ಗಣಕ ಮಾಡುವುದೂ ಇದನ್ನೇ. ಹಾಡಿನ ಕೊನೆಗೆ ಬರುವ ‘ವಿಜಯ ವಿಠಲ’ ಎಂಬ ಅಂಕಿತವನ್ನು ಒಮ್ಮೆ ಬರೆದುಕೊಂಡು, ಮುಂದೆ ಬಂದಾಗ ‘ಹಿಂದೆ ಇಂಥಲ್ಲಿ ಇದ್ದದ್ದೇ’ ಎಂಬ ಚಿಕ್ಕ ಗುರುತನ್ನಷ್ಟೇ ಇಡುತ್ತದೆ. ಚಿಕ್ಕ ಕಡತಗಳನ್ನು ಇದು 128 ಕಿಲೋಬೈಟ್‌ಗಳ ಕಟ್ಟುಗಳಾಗಿ ಕೂಡಿಸಿ ಒತ್ತುವುದರಿಂದ, ಒಂದು ಹಾಡಿನ ಮಾತು ಇನ್ನೊಂದಕ್ಕೂ ಉಪಯೋಗಕ್ಕೆ ಬರುತ್ತದೆ.

ಕನ್ನಡಕ್ಕೆ ಇದರಿಂದ ವಿಶೇಷ ಲಾಭವಿದೆ. ಈಗ ವಾಡಿಕೆಯಲ್ಲಿರುವ ಯುಟಿಎಫ್-8 ಕ್ರಮದಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ 1 ಬೈಟ್ ಸಾಕು. ಕನ್ನಡದ ‘ಕ’ ಅಕ್ಷರಕ್ಕೆ 3 ಬೈಟ್ ಬೇಕು, ‘ಕ್ಷ’ ಎಂಬ ಒತ್ತಕ್ಷರಕ್ಕೆ 9. ಆದರೆ ಆ ಮೂರರಲ್ಲಿ ಮೊದಲನೆಯ ಬೈಟ್ ಎಲ್ಲ ಕನ್ನಡ ಅಕ್ಷರಗಳಿಗೂ ಒಂದೇ, ಎರಡನೆಯದು ಎರಡೇ ಬಗೆ. ಇಷ್ಟು ಪುನರುಕ್ತಿ ಇರುವ ಪಠ್ಯ ಚೆನ್ನಾಗಿ ಕುಗ್ಗುತ್ತದೆ. ಫೋಟೋ ಮತ್ತು ಎಂಪಿ3 ಹಾಡುಗಳು ಹೀಗೆ ಕುಗ್ಗುವುದಿಲ್ಲ, ಏಕೆಂದರೆ ಅವು ಮೊದಲೇ ಒತ್ತಿದವು.

ಇನ್ನು ಮಾಡುವ ಬಗೆ. ‘ಸ್ಕ್ವಾಷ್‌ಎಫ್‌ಎಸ್-ಟೂಲ್ಸ್’ ಎಂಬ ತಂತ್ರಾಂಶ ಗಣಕದಲ್ಲಿರಬೇಕು. ಟರ್ಮಿನಲ್ ತೆರೆದು ಎಂ, ಕೆ, ಎಸ್, ಕ್ಯೂ, ಯು, ಎ, ಎಸ್, ಎಚ್, ಎಫ್, ಎಸ್ ಎಂಬ ಹತ್ತು ಇಂಗ್ಲಿಷ್ ಸಣ್ಣಕ್ಷರಗಳನ್ನು ಬಿಡುವಿಲ್ಲದೆ ಒತ್ತಬೇಕು. ಆಮೇಲೆ ಜಾಗ ಬಿಟ್ಟು ಫೋಲ್ಡರಿನ ಹೆಸರು, ಮತ್ತೆ ಜಾಗ ಬಿಟ್ಟು ಹುಟ್ಟಬೇಕಾದ ಕಡತದ ಹೆಸರು. ಹೆಸರುಗಳು ಕನ್ನಡದಲ್ಲಿದ್ದರೂ ಸರಿಯೇ: ‘ಹಾಡು’ ಎಂಬ ಫೋಲ್ಡರಿನಿಂದ ‘ಹಾಡು-1’ ಎಂಬ ಕಡತ. ಎಂಟರ್ ಒತ್ತಿದರೆ ಕೆಲಸ ಮುಗಿಯಿತು.

ಓದುವಾಗ ‘ಮೌಂಟ್’ ಆದೇಶದಿಂದ ಈ ಕಡತವನ್ನು ಒಂದು ಖಾಲಿ ಫೋಲ್ಡರಿಗೆ ಜೋಡಿಸಬೇಕು. ಇದಕ್ಕೆ ಮೇಲ್ವಿಚಾರಕನ ಅಧಿಕಾರ ಬೇಕಾದ್ದರಿಂದ ಮುಂದೆ ‘ಸುಡೊ’ ಎಂದು ಸೇರಿಸುವುದು ರೂಢಿ. ಜಿಪ್ ಕಡತವನ್ನು ಸಾಮಾನ್ಯವಾಗಿ ಬಿಚ್ಚಿ ಹರಡಿಕೊಂಡು ಬಳಸುತ್ತೇವೆ. ಇಲ್ಲಿ ಬಿಚ್ಚುವ ಕೆಲಸವೇ ಇಲ್ಲ. ಮುನ್ನೂರು ಹಾಡೂ ಎಂದಿನಂತೆ ಕಾಣುತ್ತವೆ, ಬೇಕಾದ ಹಾಡಿನ ಕಟ್ಟನ್ನಷ್ಟೇ ಗಣಕ ಆ ಕ್ಷಣ ಬಿಡಿಸುತ್ತದೆ. ತಿದ್ದಿ ಉಳಿಸಲು ಹೋದರೆ ತಮ್ಮನಿಗಿರಲಿ, ಮೇಲ್ವಿಚಾರಕನಿಗೂ ‘ಓದಲು ಮಾತ್ರ’ ಎಂಬ ಉತ್ತರವೇ ಸಿಗುತ್ತದೆ. ವಿಂಡೋಸ್ ಇರುವ ಮನೆಯಲ್ಲಿ 7-ಜಿಪ್ ತಂತ್ರಾಂಶದಿಂದ ಇದನ್ನು ತೆರೆಯಬಹುದು.

ಎರಡು ಎಚ್ಚರಿಕೆಗಳಿವೆ. ಅದೇ ಹೆಸರಿನ ಕಡತ ಮೊದಲೇ ಇದ್ದರೆ ಈ ಆದೇಶ ಹಳೆಯದನ್ನು ಅಳಿಸಿ ಹೊಸದು ಮಾಡುವುದಿಲ್ಲ, ಹಳೆಯದಕ್ಕೇ ಹೊಸದನ್ನು ಸೇರಿಸಿಬಿಡುತ್ತದೆ. ಹಳೆಯ ಪಾಠ, ಹೊಸ ಪಾಠ ಎರಡೂ ಕಲಸಿಹೋಗುತ್ತವೆ. ಆದ್ದರಿಂದ ಪ್ರತಿ ಸಲವೂ ಹೊಸ ಹೆಸರು ಕೊಡುವುದು ಕ್ಷೇಮ. ಎರಡನೆಯದು, ಒಳಗಿನ ಹಾಡನ್ನು ತಿದ್ದಲು ಬಾರದೆಂದರೆ ಇಡೀ ಕಡತವನ್ನು ಅಳಿಸಲೂ ಬಾರದೆಂದಲ್ಲ. ಒಂದು ಪ್ರತಿ ಪೆನ್‌ಡ್ರೈವ್‌ನಲ್ಲಿ, ಇನ್ನೊಂದು ನೆಂಟರ ಮನೆಯ ಗಣಕದಲ್ಲಿ ಇರಲೇಬೇಕು.

ಹಾಗಾದರೆ ತಪ್ಪು ಕಂಡಾಗ ತಿದ್ದುವುದು ಹೇಗೆ? ‘ಅನ್‌ಸ್ಕ್ವಾಷ್‌ಎಫ್‌ಎಸ್’ ಆದೇಶದಿಂದ ಎಲ್ಲವನ್ನೂ ಬೇರೊಂದು ಫೋಲ್ಡರಿಗೆ ಬಿಡಿಸಿ, ತಿದ್ದಿ, ‘ಹಾಡು-2’ ಮಾಡಬೇಕು. ‘ಹಾಡು-1’ ಹಾಗೆಯೇ ಇರಲಿ. ಅಜ್ಜಿ ಹೇಳಿದ ಮಾತೇ ಸರಿ, ತಿದ್ದಿದ್ದೇ ತಪ್ಪು ಎಂದು ಮುಂದೊಂದು ದಿನ ತಿಳಿದರೆ ಹಿಂದಿರುಗಲು ದಾರಿ ಇರುತ್ತದೆ.

ನಮ್ಮ ಸೀಮೆಯಲ್ಲಿ ಜೋಳವನ್ನು ಹಗೇವಿಗೆ ಹಾಕುವ ಮೊದಲು ಚೆನ್ನಾಗಿ ಒಣಗಿಸುತ್ತಿದ್ದರು. ಹಸಿ ಕಾಳು ಹಾಕಿ ಬಾಯಿ ಮುಚ್ಚಿದರೆ ಬೂಸಲು ಹಿಡಿಯುವುದು ಖಂಡಿತ. ಇಲ್ಲಿಯೂ ಅಷ್ಟೆ. ಒತ್ತುವ ಮೊದಲು ವಹಿಯನ್ನು ಪಕ್ಕದಲ್ಲಿಟ್ಟುಕೊಂಡು ಒಬ್ಬರು ಓದಬೇಕು, ಇನ್ನೊಬ್ಬರು ಪರದೆಯಲ್ಲಿ ನೋಡಬೇಕು. ಆದೇಶ ಒತ್ತುವುದು ಮಗಳಿಗೆ ಬರುತ್ತದೆ. ಹಾಡಿನ ಸರಿತಪ್ಪು ಮನೆಯ ಹಿರಿಯರಿಗೆ ಗೊತ್ತು. ಇಬ್ಬರೂ ಒಂದು ಸಂಜೆ ಕೂಡಿ ಕೂತರೆ ಈ ಕೆಲಸ ಆದಂತೆಯೇ.