ವ್ಯಾಕರಣ ಕೆಟ್ಟಿತೆಂದು ಅಳುವವರಿಗೆ

ನವೆಂಬರ್ ಬಂತೆಂದರೆ ನಮ್ಮ ಊರುಗಳಲ್ಲಿ ಭಾಷೆಯ ಬಗ್ಗೆ ಅಳುವವರು ಹೆಚ್ಚುತ್ತಾರೆ. ಶಾಲು, ಹಾರ, ಹಣ್ಣಿನ ಬುಟ್ಟಿಗಳ ಸಂಭ್ರಮ ಮುಗಿದ ಮೇಲೆ ಮಕ್ಕಳಿಗೆ ಬೈಗುಳ. ನಾನು ಉದ್ದಲಂಗ ಹಾಕುತ್ತಿದ್ದ ಕಾಲದಲ್ಲಿ ಹೀಗೆ ಬೈಸಿಕೊಳ್ಳುತ್ತಿದ್ದದ್ದು ಕಾದಂಬರಿ. ನಮ್ಮಜ್ಜ ತ್ರಿವೇಣಿಯವರ ಪುಸ್ತಕವೊಂದನ್ನು ಅಟ್ಟದ ಮೇಲೆ ಬಚ್ಚಿಟ್ಟಿದ್ದರು. ಹುಡುಕಿ ಓದಿದ್ದು ಬೇರೆ ಮಾತು. ಆಮೇಲೆ ಸಿನೆಮಾದ ಸರದಿ, ಆಮೇಲೆ ಟೀವಿಯದು. ಈಗ ಮೊಬೈಲಿನಲ್ಲಿ ಮಕ್ಕಳು ಗುಂಪು ಕಟ್ಟಿಕೊಂಡು ಆಡುವ ಗುಂಡು ಹಾರಿಸುವ ಆಟಗಳದು. ಆ ಆಟದಲ್ಲಿ ಮಕ್ಕಳು ಆಡುವ ಮಾತಿಗೆ ಕರ್ತೃವಿಲ್ಲ, ಕರ್ಮವಿಲ್ಲ, ಕ್ರಿಯಾಪದವಿಲ್ಲ, ಇಂಗ್ಲಿಷೂ ಅಲ್ಲ ಕನ್ನಡವೂ ಅಲ್ಲ, ಇನ್ನು ಹತ್ತು ವರ್ಷದಲ್ಲಿ ಕನ್ನಡ ಮುಗಿದೇಹೋಯಿತು ಎಂದು ವೇದಿಕೆಯ ಮೇಲೆ ನಿಂತವರು ಹೇಳುತ್ತಾರೆ. ಕೆಳಗೆ ಕೂತವರು ಹೌದೆಂದು ತಲೆ ಹಾಕುತ್ತಾರೆ.

ನನಗೆ ಈ ಮಾತಿನ ಮೇಲೆ ತಕರಾರಿದೆ. ಇಪ್ಪತ್ತೆಂಟು ವರ್ಷ ಹೈಸ್ಕೂಲಿನಲ್ಲಿ ಸಂಧಿ, ಸಮಾಸ ಕಲಿಸಿದವಳು ನಾನು. ನನ್ನ ಮನೆಯಲ್ಲೇ ಹದಿನಾಲ್ಕರ ಮೊಮ್ಮಗನಿದ್ದಾನೆ, ಹದಿನಾರರ ಮೊಮ್ಮಗಳಿದ್ದಾಳೆ. ಭಾಷಣಕಾರರು ಕೇಳದ ಮಾತನ್ನು ನಾನು ದಿನಾ ಸಂಜೆ ಅವರೆಕಾಯಿ ಬಿಡಿಸುತ್ತಾ ಕೇಳುತ್ತೇನೆ.

ಮೊಮ್ಮಗ ಕಿವಿಗೆ ಅದೇನೋ ಸಿಕ್ಕಿಸಿಕೊಂಡು ಕೂಗುವುದು ಹೀಗೆ: "ನಾಕ್ ಆದೆ ಕಣೋ! ಬೇಗ ಬಂದು ರಿವೈವ್ ಕೊಡು. ಆ ನೂಬ್ ಮಹಡಿ ಮೇಲೆ ಕ್ಯಾಂಪ್ ಮಾಡ್ತಿದಾನೆ, ರಶ್ ಮಾಡ್ಬೇಡ." ಇದರಲ್ಲಿ ಕ್ರಿಯಾಪದ ಇಲ್ಲವೇ? ಎಣಿಸಿ ನೋಡಿ. ಆದೆ, ಬಂದು, ಕೊಡು, ಮಾಡ್ತಿದಾನೆ, ಮಾಡ್ಬೇಡ. ಐದೂ ಅಚ್ಚ ಕನ್ನಡದವು. ಗುಂಡು ತಗುಲಿ ನೆಲಕ್ಕೆ ಬಿದ್ದರೂ ಇನ್ನೂ ಸಾಯದೆ, ಗೆಳೆಯ ಬಂದು ಎಬ್ಬಿಸಲಿ ಎಂದು ಕಾಯುವ ಸ್ಥಿತಿಗೆ ನಾಕ್ ಎಂದು ಹೆಸರು. ನಾನೇ ಇನ್ನೊಬ್ಬನನ್ನು ಬೀಳಿಸಿದರೆ "ನಾಕ್ ಮಾಡಿದೆ", ನಾನೇ ಬಿದ್ದರೆ "ನಾಕ್ ಆದೆ". ಮಾಡಿದವನಿಗೂ ಆದವನಿಗೂ ಇರುವ ಈ ಭೇದವನ್ನು ಆ ಹುಡುಗನಿಗೆ ಯಾವ ಮೇಷ್ಟರೂ ಹೇಳಿಕೊಟ್ಟಿಲ್ಲ. "ಬೋರ್ ಆಯಿತು", "ಬೋರ್ ಮಾಡಿದ" ಎಂದು ನಾವೆಲ್ಲ ಹೇಳುತ್ತಲೇ ಬಂದಿಲ್ಲವೇ? ಇಂಗ್ಲಿಷಿನ ಪದ ಎಷ್ಟೇ ಜಂಬದಿಂದ ಬಂದರೂ ಕನ್ನಡದ ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು, ಆಗು ಮಾಡುಗಳ ಕೈ ಹಿಡಿದೇ ಒಳಗೆ ಬರಬೇಕು. ಸರ್ಕಾರ 2020ರ ಸೆಪ್ಟೆಂಬರಿನಲ್ಲಿ ಪಬ್‌ಜಿ ಆಟವನ್ನು ನಿಷೇಧಿಸಿತು. 2021ರ ಜುಲೈನಲ್ಲಿ ಅದು ಬೇರೆ ಹೆಸರಿನಲ್ಲಿ ಬಂತು. 2022ರ ಜುಲೈನಲ್ಲಿ ಅದಕ್ಕೂ ತಡೆ ಬಿತ್ತು. 2023ರ ಮೇ ತಿಂಗಳಲ್ಲಿ ಮತ್ತೆ ಬಂತು. ಈ ಬರಹೋಗುವಿಕೆಯ ನಡುವೆ ನಮ್ಮ ಮನೆಯಲ್ಲಿ "ನಾಕ್ ಆದೆ" ಒಂದು ದಿನವೂ ನಿಲ್ಲಲಿಲ್ಲ. ನೀರಿನ ಕೊಡ ಎತ್ತುವಾಗ ನನ್ನ ಸೊಂಟ ಹಿಡಿದುಕೊಂಡರೂ "ಅಜ್ಜಿ ನಾಕ್ ಆದ್ರು" ಎನ್ನುತ್ತಾನೆ.

ಇನ್ನು ಇಂಗ್ಲಿಷಿನಲ್ಲಿ ಈ ಆಟಗಾರರು ಬೇಕೆಂದೇ ಮಾಡುವ ತಪ್ಪುಗಳ ಮಾತು. ಸೋಲಿಸಿ ಸ್ವಾಧೀನಪಡಿಸಿಕೊಳ್ಳುವುದಕ್ಕೆ "ಓನ್" ಎನ್ನುವ ಪದವಿತ್ತಂತೆ. ಕೀಲಿಮಣೆಯಲ್ಲಿ ಓ ಪಕ್ಕದಲ್ಲೇ ಪೀ ಇರುವುದರಿಂದ ಅವಸರದಲ್ಲಿ ಬೆರಳು ಜಾರಿತು, "ಪೋನ್" ಆಯಿತು ಎನ್ನುತ್ತಾರೆ. ತಪ್ಪೇ ಚೆನ್ನಾಗಿದೆ ಎಂದು ಅದನ್ನೇ ಇಟ್ಟುಕೊಂಡರು. (ನಮ್ಮ ಕಡೆ ದೂರವಾಣಿಯನ್ನೂ ಪೋನ್ ಎನ್ನುವುದರಿಂದ ಮೊಮ್ಮಗ ವಿವರಿಸುವಾಗ ಮಾತು ಸ್ವಲ್ಪ ಹೊತ್ತು ಎಲ್ಲೆಲ್ಲಿಗೋ ಹೋಯಿತು.) ಮೆತ್ತನೆಯ ಗುಂಡು ಹಾರಿಸುವ ಆಟಿಕೆ ಬಂದೂಕಿನ ಹೆಸರು ನರ್ಫ್. ಆಟದಲ್ಲಿ ಒಂದು ಆಯುಧದ ಬಲವನ್ನು ಅದನ್ನು ತಯಾರಿಸಿದವರು ಕುಗ್ಗಿಸಿದರೆ "ನರ್ಫ್ ಮಾಡಿದರು" ಎನ್ನುತ್ತಾರೆ. ಕಂಪನಿಯ ಹೆಸರನ್ನು ಕ್ರಿಯೆ ಮಾಡಿಬಿಟ್ಟರಲ್ಲ ಎಂದು ಹುಬ್ಬೇರಿಸುವವರು, ಮನೆಯ ಪತ್ರವನ್ನು ಜೆರಾಕ್ಸ್ ಮಾಡಿಸದೆ ಯಾವ ಕಚೇರಿಗೆ ಹೋಗಿದ್ದಾರೋ ನಾನು ಕಾಣೆ.

ಬೇಕೆಂದು ವ್ಯಾಕರಣ ಕೆಡಿಸಿ ನಗುವುದು ನಮಗೇನು ಹೊಸದೇ? ನಾವು ಹುಡುಗಿಯರು ಶಾಲೆಯ ಜಗುಲಿಯಲ್ಲಿ ಕೂತು ಕ-ಭಾಷೆ ಆಡುತ್ತಿರಲಿಲ್ಲವೇ? "ಕನೀಕನು ಕಬಾ" ಎಂದರೆ ಗಂಡುಹುಡುಗರು ಬೆಪ್ಪಾಗಿ ನಿಲ್ಲುತ್ತಿದ್ದರು. ಮದುವೆ ಗಿದುವೆ, ಕಾಫಿ ಗೀಫಿ, ಪುಸ್ತಕ ಗಿಸ್ತಕ. ಈ ಗಿದುವೆ ಗೀಫಿ ಯಾವ ನಿಘಂಟಿನಲ್ಲಿದೆ? ಆದರೂ ಮದುವೆಯ ಮೇಲಿನ ನಮ್ಮ ಅರ್ಧ ತಾತ್ಸಾರವನ್ನೆಲ್ಲ ಹೊರುವುದು ಆ ಗಿದುವೆಯೇ. ಕೈಲಾಸಂ ಇಂಗ್ಲಿಷನ್ನೂ ಕನ್ನಡವನ್ನೂ ಕಲಸಿ ನಾಟಕ ಬರೆದಾಗ ನಾಡೇ ನಕ್ಕಿತು. ಜಿ.ಪಿ. ರಾಜರತ್ನಂ ಕನ್ನಡದ ಮೇಷ್ಟರು, ಹಳಗನ್ನಡ ಬಲ್ಲ ಪಂಡಿತರು. ರತ್ನನ ಪದಗಳಿಗೆ ಬೇಕಾದಾಗ ಹಕಾರ ಅಕಾರಗಳನ್ನು ಬದಲು ಮಾಡಿ ಕುಡುಕನ ನಾಲಿಗೆಯನ್ನೇ ತಂದರು. ಅದನ್ನು ಸಾಹಿತ್ಯವೆಂದು ಪಾಠ ಮಾಡಿದ ನಾವೇ, ಹದಿನಾಲ್ಕರ ಹುಡುಗ ಅದೇ ಕೆಲಸ ಮಾಡಿದರೆ ಭಾಷೆಯ ಕೊಲೆಯೆಂದು ಕೂಗುತ್ತೇವೆ. ನಿಯಮ ಗೊತ್ತಿದ್ದವರಿಗೆ ಮಾತ್ರ ಅದನ್ನು ಮುರಿಯುವ ಮೋಜು ಸಿಗುವುದು.

ನನ್ನ ನಿಜವಾದ ಸಿಟ್ಟು ಶುರುವಾಗುವುದು ಇಲ್ಲಿಂದ. ತಪ್ಪನ್ನು ಮೋಜಿಗೆ ಮಾಡುವವರು ಬೇರೆ, ತಪ್ಪನ್ನು ಬಿಟ್ಟು ಬೇರೆ ದಾರಿಯಿಲ್ಲದವರು ಬೇರೆ. ಆಟದ ಲೋಕದಲ್ಲಿ ಒಂದು ಪ್ರಸಿದ್ಧ ವಾಕ್ಯವಿದೆ: "ಆಲ್ ಯುವರ್ ಬೇಸ್ ಆರ್ ಬಿಲಾಂಗ್ ಟು ಅಸ್." ನಿಮ್ಮ ನೆಲೆಗಳೆಲ್ಲ ಈಗ ನಮ್ಮವು ಎಂದು ಖಳನಾಯಕ ಬೆದರಿಸುವ ಮಾತು. "ಆರ್ ಬಿಲಾಂಗ್" ಎಂದರೆ ನಮ್ಮಲ್ಲಿ "ಸೇರುತ್ತವೆ ಇವೆ" ಎಂದ ಹಾಗೆ. ಜಪಾನಿನ ತೋಪ್ಲಾನ್ ಕಂಪನಿ 1989ರಲ್ಲಿ ಮಾಡಿದ ಝೀರೋ ವಿಂಗ್ ಎಂಬ ಆಟ ಅದು. ಮುಂದೆ 1990ರ ದಶಕದ ಆರಂಭದಲ್ಲಿ ಮನೆಯಲ್ಲಿ ಆಡುವ ಯಂತ್ರಕ್ಕೆ ತಂದಾಗ ಮೊದಲಿಗೆ ಒಂದು ಕಥಾಭಾಗ ಸೇರಿಸಿ, ಅದರ ಜಪಾನಿ ಮಾತನ್ನು ಯುರೋಪಿನವರಿಗಾಗಿ ಇಂಗ್ಲಿಷಿಗೆ ತಿರುಗಿಸಿದ್ದರು. 2000, 2001ರ ಹೊತ್ತಿಗೆ ಇಂಗ್ಲಿಷ್ ಬಲ್ಲವರು ಇದನ್ನು ಹೆಕ್ಕಿ ತೆಗೆದು ಹಾಡು ಕಟ್ಟಿ, ಚಿತ್ರ ಕಟ್ಟಿ ಲೋಕವೆಲ್ಲ ನಗುವ ಹಾಗೆ ಮಾಡಿದರು. ಚಂದದ ವಾಕ್ಯ, ನಾನೂ ನಕ್ಕೆ. ಆದರೆ ಯೋಚಿಸಿ, ನಕ್ಕವರಲ್ಲಿ ಎಷ್ಟು ಮಂದಿಗೆ ಜಪಾನಿ ಭಾಷೆಯಲ್ಲಿ ಒಂದು ಸಾಲು ಬರೆಯಲು ಬರುತ್ತಿತ್ತು? ಅತ್ತ ಅವರೇ ಬೇಕೆಂದು ಇಂಗ್ಲಿಷ್ ಕೆಡಿಸಿದರೆ ಅದು ಜಾಣತನ. ಇತ್ತ ಜಪಾನಿನವನೊಬ್ಬ ಕಷ್ಟಪಟ್ಟು ಎರಡನೆಯ ಭಾಷೆಯಲ್ಲಿ ಬರೆದು ಎಡವಿದರೆ ಅದು ಹಾಸ್ಯದ ವಸ್ತು.

ಈ ನಗೆಯ ರುಚಿ ನಮ್ಮಂಥ ಊರಿನ ಹೆಂಗಸರಿಗೆ ಚೆನ್ನಾಗಿ ಗೊತ್ತು. ನಮ್ಮವರನ್ನು ಎದೆನೋವೆಂದು ಬೆಂಗಳೂರಿನ ದೊಡ್ಡ ಆಸ್ಪತ್ರೆಯೊಂದಕ್ಕೆ ಕರೆದೊಯ್ದಾಗ ಕೌಂಟರಿನ ಹುಡುಗಿ ಕನ್ನಡಕ್ಕೆ ಮುಖ ತಿರುಗಿಸಿದಳೆಂದು ನನಗೆ ಬಂದ ಇಂಗ್ಲಿಷಿನಲ್ಲಿ "ಹಿ ಈಸ್ ಹ್ಯಾವಿಂಗ್ ಪೇನ್ ಸಿನ್ಸ್ ಟು ಡೇಸ್" ಎಂದೆ. ಆಕೆ ಪಕ್ಕದವಳನ್ನು ನೋಡಿ ಕಣ್ಣಲ್ಲೇ ನಕ್ಕಳು. ಗಂಡನ ಎದೆ ಹಿಡಿದುಕೊಂಡಿರುವಾಗ ನನ್ನ ಕಾಲವಾಚಕದ ಮೇಲೆ ಅವರಿಗೆ ನಗು! ಹೊರಗಿನಿಂದ ಬಂದವರು ನಮ್ಮ ಅಂಗಡಿಯಲ್ಲಿ "ನೀನು ಕೂತ್ಕೊಳ್ಳಿ" ಎಂದರೆ ನಾವು ಮಾತ್ರ ಅಯ್ಯೋ ಎಷ್ಟು ಚೆನ್ನಾಗಿ ಕನ್ನಡ ಕಲಿತಿದ್ದಾರೆ ಎಂದು ಒಂದು ಬಾಳೆಹಣ್ಣು ಜಾಸ್ತಿ ಹಾಕುತ್ತೇವೆ. ಶುದ್ಧ ವ್ಯಾಕರಣದ ಹೆಸರಿನಲ್ಲಿ ಅಳುವವರಲ್ಲಿ ಒಬ್ಬರಾದರೂ ಈ ಅಸಮಾನತೆಯ ಬಗ್ಗೆ ವೇದಿಕೆಯಲ್ಲಿ ಮಾತಾಡಿದ್ದನ್ನು ನಾನು ಕೇಳಿಲ್ಲ.

ಇನ್ನು ನನ್ನ ಮೊಮ್ಮಗಳ ಮಾತು. ತಮ್ಮನಿಗಿಂತ ಅವಳ ಗುರಿ ಚೆನ್ನಾಗಿದೆ. ಇದನ್ನು ಅವನೇ ಒಪ್ಪುತ್ತಾನೆ, ಸ್ವಲ್ಪ ಹೊಟ್ಟೆಯುರಿಯಿಂದಲೇ. ಆದರೆ ಅವನು ಮನೆ ಹಾರಿಹೋಗುವ ಹಾಗೆ ಕೂಗುತ್ತಾ ಆಡಿದರೆ ಇವಳದು ಮೌನವ್ರತ. ಆಟದಲ್ಲಿ ಅವಳ ಹೆಸರೂ ಗಂಡುಹುಡುಗನದು. ಯಾಕೆ ಕೂಸೇ ಎಂದು ಕೇಳಿದೆ. ದನಿ ಕೇಳಿ ಹುಡುಗಿ ಎಂದು ಗೊತ್ತಾದರೆ ಮುಗಿಯಿತಂತೆ. ಅಪರಿಚಿತ ಹುಡುಗರು ಮೊದಲು ಹಲ್ಲು ಕಿರಿಯುತ್ತಾರೆ, ನಂಬರು ಕೇಳುತ್ತಾರೆ. ಕೊಡದಿದ್ದರೆ, ಅಥವಾ ಇವಳು ಅವರನ್ನು ಸೋಲಿಸಿದರೆ, "ಅಡುಗೆಮನೆಗೆ ಹೋಗು" ಎನ್ನುತ್ತಾರೆ. ಅದರ ನಂತರದ ಮಾತುಗಳನ್ನು ಅವಳು ನನಗೆ ಹೇಳಲಿಲ್ಲ.

"ಅಡುಗೆಮನೆಗೆ ಹೋಗು." ಮೇಷ್ಟರೇ, ಭಾಷಣಕಾರರೇ, ಈ ವಾಕ್ಯವನ್ನು ಪರೀಕ್ಷಿಸಿ ನೋಡಿ. ತತ್ಪುರುಷ ಸಮಾಸ ಸರಿಯಾಗಿದೆ. ಚತುರ್ಥಿ ವಿಭಕ್ತಿ ಸರಿಯಾಗಿದೆ. ವಿಧ್ಯರ್ಥಕ ಕ್ರಿಯಾಪದ ಸರಿಯಾಗಿದೆ. ಒಂದಾದರೂ ಇಂಗ್ಲಿಷ್ ಪದವಿಲ್ಲ. ಉತ್ತರ ಪತ್ರಿಕೆಯಲ್ಲಿ ಬಂದಿದ್ದರೆ ನಾನು ಪೂರ್ತಿ ಅಂಕ ಕೊಡಬೇಕಾಗುತ್ತಿತ್ತು. ನೂಬ್, ಪೋನ್, ನಾಕ್ ಎಂದರೆ ಭಾಷೆ ಕೆಟ್ಟಿತೆಂದು ಹೌಹಾರುವವರ ಕಿವಿಗೆ ಈ ಶುದ್ಧ ಕನ್ನಡ ಯಾಕೆ ಬೀಳುವುದಿಲ್ಲ? ಬೀಳುವುದಿಲ್ಲವೋ, ಅಥವಾ ಬಿದ್ದರೂ ತಪ್ಪೇನೆಂದು ತೋರುವುದಿಲ್ಲವೋ?

ಯಾವ ಮಾತನ್ನು ತಿದ್ದಬೇಕೆಂದು ಆಟ ಮಾಡುವವರಿಗೇ ಒಮ್ಮೊಮ್ಮೆ ಹೊಳೆಯುತ್ತದೆ. ಪಂದ್ಯ ಮುಗಿದಾಗ "ಜಿಜಿ" ಎನ್ನುವುದು ವಾಡಿಕೆ, ಒಳ್ಳೆಯ ಆಟವಾಯಿತು ಎಂದು ಕೈಕುಲುಕಿದ ಹಾಗೆ. ಅದರ ಬಾಲಕ್ಕೆ "ಈಝೀ" ಸೇರಿಸಿದರೆ, ನಿಮ್ಮನ್ನು ಸೋಲಿಸುವುದು ನೀರು ಕುಡಿದಷ್ಟು ಸಲೀಸಾಯಿತು ಎಂದು ಸೋತವರ ಗಾಯಕ್ಕೆ ಉಪ್ಪು ಸವರಿದ ಹಾಗೆ. 2016ರಲ್ಲಿ ಬಂದ ಓವರ್‌ವಾಚ್ ಎಂಬ ಅಮೆರಿಕದ ಆಟದವರು ಒಂದು ಉಪಾಯ ಮಾಡಿದರು. ಯಾರಾದರೂ ಆ ಮಾತು ಬರೆದರೆ ಅದು ತಾನಾಗಿ ಬದಲಾಗಿ, ನನಗೆ ಮಲಗುವ ಹೊತ್ತು ಮೀರಿದೆ, ಅಮ್ಮನಿಗೆ ಹೇಳಬೇಡಿ ಎಂಬ ಅರ್ಥದ ಸಾಲಾಗಿ ಎಲ್ಲರಿಗೂ ಕಾಣುತ್ತಿತ್ತು. ಕಾಗುಣಿತ ತಪ್ಪಿದವರನ್ನು ಅವರು ಹಿಡಿಯಲಿಲ್ಲ, ಕೊಂಕು ಮಾತಿನವರನ್ನು ಹಿಡಿದರು. ಆದರೆ ಇದು ಸಣ್ಣ ಔಷಧಿ. ಆಟಗಳಲ್ಲಿ ಹೆಂಗಸರನ್ನು ಹೇಗೆ ತೋರಿಸುತ್ತಾರೆ ಎಂದು ವಿಮರ್ಶೆ ಮಾಡಿದ ಅನಿತಾ ಸರ್ಕೀಸಿಯನ್ 2014ರಲ್ಲಿ ಅಮೆರಿಕದ ಯೂಟಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಮಾಡಬೇಕಿದ್ದ ಭಾಷಣವನ್ನು, ಗುಂಡು ಹಾರಿಸುತ್ತೇವೆ ಎಂಬ ಬೆದರಿಕೆ ಬಂದದ್ದರಿಂದ ರದ್ದು ಮಾಡಬೇಕಾಯಿತು. ಅಲ್ಲಿ ಹಾಗೆ, ಇಲ್ಲಿ ನಮ್ಮ ಪಡಸಾಲೆಯಲ್ಲಿ ಹೀಗೆ.

ಹಾಗಾದರೆ ಮೊಬೈಲು ಕಿತ್ತಿಡಿ, ಪೀಡೆ ಕಳೆಯುತ್ತದೆ ಎಂದು ನನ್ನ ನಾದಿನಿ ಹೇಳಿದಳು. ಯಾರದು ಕಿತ್ತಿಡುವುದು? ಕಿತ್ತರೆ ಮೊದಲು ಹೋಗುವುದು ಹುಡುಗಿಯ ಕೈಯಲ್ಲಿರುವುದೇ. ಪೀಡಿಸುವವನು ಆಡುತ್ತಲೇ ಇರುತ್ತಾನೆ. ಕಾಲೇಜಿನ ದಾರಿಯಲ್ಲಿ ಪುಂಡರಿದ್ದಾರೆಂದು ನಮ್ಮ ಓರಗೆಯ ಎಷ್ಟು ಹುಡುಗಿಯರ ಕಾಲೇಜು ಬಿಡಿಸಲಿಲ್ಲ? ಆ ಪುಂಡರಲ್ಲಿ ಒಬ್ಬನ ಕಾಲೇಜಾದರೂ ನಿಂತಿತೇ?

ಆದ್ದರಿಂದ ಗಂಡುಮಕ್ಕಳ ತಾಯಂದಿರಿಗೆ, ಅಜ್ಜಿಯಂದಿರಿಗೆ ನನ್ನ ಮಾತು. ಪಕ್ಕದ ಕೋಣೆಯಲ್ಲಿ ಹುಡುಗ ಕೂಗುತ್ತಿರುವಾಗ ಒಗ್ಗರಣೆಯ ಸದ್ದು ಕಡಿಮೆ ಮಾಡಿ ಸ್ವಲ್ಪ ಕಿವಿಗೊಡಿ. ನೂಬ್ ಎಂದರೆ ಎನ್ನಲಿ. ವಿಭಕ್ತಿ ತಪ್ಪಿದರೆ ತಪ್ಪಲಿ, ಹತ್ತನೆಯ ತರಗತಿಗೆ ಬರುವಷ್ಟರಲ್ಲಿ ಯಾರಾದರೂ ತಿದ್ದುತ್ತಾರೆ. ಎದುರಿಗೆ ಹುಡುಗಿಯ ದನಿ ಕೇಳಿಸಿದಾಗ ಅವನ ಮಾತು ಹೇಗೆ ಹೊರಳುತ್ತದೆ ಎಂಬುದನ್ನು ಮಾತ್ರ ಕೇಳಿಸಿಕೊಳ್ಳಿ. ನಾನು ಮೊಮ್ಮಗನನ್ನು ನೇರವಾಗಿ ಕೇಳಿದೆ, ನೀನು ಹಾಗೆ ಅಂದಿದ್ದೀಯಾ ಎಂದು. "ನಾನು ಅನ್ನಲ್ಲ ಅಜ್ಜಿ, ಬೇರೆಯವರು ಅಂತಾರೆ" ಎಂದ. ಅಂದಾಗ ನೀನೇನು ಮಾಡಿದೆ ಎಂದೆ. ನಕ್ಕೆ ಎಂದ. ಆಮೇಲೆ ತಲೆ ತಗ್ಗಿಸಿದ. ಮುಂದೆ ನಗಬೇಡ, ಬಾಯಿಬಿಟ್ಟು ಹೇಳು ಎಂದಿದ್ದೇನೆ. ಹೇಳುತ್ತಾನೋ ಇಲ್ಲವೋ ಅವರೆಕಾಯಿ ಬಿಡಿಸುತ್ತಾ ದಿನಾ ಕೇಳಿಸಿಕೊಳ್ಳುತ್ತಿದ್ದೇನೆ. ಮೊಮ್ಮಗಳ ಮೈಕು ಈ ಹೊತ್ತಿಗೂ ಬಂದ್ ಆಗಿಯೇ ಇದೆ.