ಇನ್ವರ್ಟರ್ ಕೊಳ್ಳುವ ಮುನ್ನ ಒಂದು ಲೆಕ್ಕ



‘ಭಾರನಿಯಮನ’ ಎಂಬ ಮರಾಠಿ ಶಬ್ದವು ನಮ್ಮ ಗಡಿನಾಡಿನ ಕನ್ನಡ ಮನೆಗಳಲ್ಲಿಯೂ ನೆಲೆಯೂರಿ ಬಹುಕಾಲವಾಯಿತು. 2005ರ ನಂತರದ ಕೆಲವು ವರ್ಷ ಗಡಹಿಂಗ್ಲಜ ಕಡೆಯ ಹಳ್ಳಿಗಳು ದಿನಕ್ಕೆ ಹಲವು ತಾಸು ವಿದ್ಯುತ್ತಿಲ್ಲದೆ ಕಳೆದವು. 2019ರ ಆಗಸ್ಟ್ ಹಾಗೂ 2021ರ ಜುಲೈ ತಿಂಗಳ ಮಹಾಪೂರಗಳು ಕೊಲ್ಲಾಪುರ ಜಿಲ್ಲೆಯ ಎಷ್ಟೋ ಊರುಗಳನ್ನು ಕತ್ತಲೆಗೆ ನೂಕಿದವು. ಹೀಗಾಗಿ ಇನ್ವರ್ಟರ್ ಈಗ ಬರಿಯ ಚೈನಿಯ ವಸ್ತುವಲ್ಲ. ಆದರೆ ‘ದೊಡ್ಡದನ್ನು ಕೊಂಡರೆ ಹೆಚ್ಚು ಹೊತ್ತು ದೀಪ ಉರಿಯುತ್ತದೆ’ ಎಂಬ ಭಾವನೆಯಿಂದ ಬೆವರಿನ ಹಣ ವ್ಯರ್ಥವಾಗುವುದುಂಟು.

ನೀರಿನ ತೊಟ್ಟಿಯನ್ನು ನೆನೆಯಿರಿ. ನಳದ ದಪ್ಪ ಬೇರೆ, ತೊಟ್ಟಿಯ ಆಳ ಬೇರೆ. ಇನ್ವರ್ಟರಿನ ‘ವಿ.ಎ.’ ಅಂಕವು ನಳದ ದಪ್ಪದಂತೆ. ಏಕಕಾಲಕ್ಕೆ ಎಷ್ಟು ಉಪಕರಣ ನಡೆದಾವು ಎಂಬುದನ್ನು ಅದು ತಿಳಿಸುತ್ತದೆ. ಬ್ಯಾಟರಿಯ ‘ಆಂಪಿಯರ್-ಅವರ್’ ಅಂಕವು ತೊಟ್ಟಿಯ ಆಳ. ಎಷ್ಟು ಹೊತ್ತು ನಡೆದಾವು ಎಂಬುದು ಅದರ ಮೇಲೆ ನಿಂತಿದೆ.

ಒಂದು ಸಾಧಾರಣ ಮನೆಯ ಲೆಕ್ಕ ಮಾಡೋಣ. 75 ವ್ಯಾಟಿನ ಮೂರು ಫ್ಯಾನು 225, ಒಂಬತ್ತು ವ್ಯಾಟಿನ ಐದು ಎಲ್‌ಇಡಿ ದೀಪ 45, ಟಿ.ವಿ. 80, ಮೊಬೈಲ್ ಇತ್ಯಾದಿಗೆ 20. ಒಟ್ಟು 370 ವ್ಯಾಟ್. ಇನ್ವರ್ಟರಿನ ವಿ.ಎ. ಅಂಕದಲ್ಲಿ ಸಾಮಾನ್ಯವಾಗಿ ಹತ್ತಕ್ಕೆ ಎಂಟು ಪಾಲು ಮಾತ್ರ ವ್ಯಾಟ್ ದೊರೆಯುತ್ತದೆ. ಆದುದರಿಂದ 370ನ್ನು 0.8ರಿಂದ ಭಾಗಿಸಿದರೆ ಸುಮಾರು 462. ಕಾಲುಭಾಗ ಹೆಚ್ಚಿಗೆ ಹಿಡಿದರೆ 580. ಅಂದರೆ 700 ವಿ.ಎ. ಸಾಕು.

ಮೂರು ತಾಸು ನಡೆಯಬೇಕಾದರೆ 370ನ್ನು 3ರಿಂದ ಗುಣಿಸಿ, ನಡುವೆ ಸೋರಿಹೋಗುವುದಕ್ಕಾಗಿ 0.8ರಿಂದ ಭಾಗಿಸಿ, 12 ವೋಲ್ಟಿನಿಂದ ಮತ್ತೆ ಭಾಗಿಸಿರಿ. ಸುಮಾರು 116 ಬರುತ್ತದೆ. ಬ್ಯಾಟರಿಯನ್ನು ಪೂರ್ತಿ ಬರಿದು ಮಾಡಿದರೆ ಅದರ ಆಯುಷ್ಯ ಕುಗ್ಗುವುದರಿಂದ 150ರದನ್ನು ಕೊಳ್ಳುವುದು ಲೇಸು.

ಇಲ್ಲೊಂದು ಉಪಾಯವುಂಟು. ಅದೇ ಮೂರು ಫ್ಯಾನುಗಳ ಬದಲು 35 ವ್ಯಾಟಿನ ಹೊಸ ಬಗೆಯ ಬಿಎಲ್‌ಡಿಸಿ ಫ್ಯಾನು ಹಾಕಿಸಿದರೆ ಒಟ್ಟು 250 ವ್ಯಾಟಿಗೆ ಇಳಿಯುತ್ತದೆ. ಅದೇ ಬ್ಯಾಟರಿ ಆಗ ಸುಮಾರು ನಾಲ್ಕೂವರೆ ತಾಸು ಬಾಳುತ್ತದೆ.

ಮೋಟಾರು ಚಾಲೂ ಆಗುವ ಕ್ಷಣದಲ್ಲಿ, ಓಡುವಾಗಿನದಕ್ಕಿಂತ ಹಲವು ಪಟ್ಟು ವಿದ್ಯುತ್ತು ಎಳೆಯುತ್ತದೆಂಬುದನ್ನು ಇಚಲಕರಂಜಿಯ ಮಗ್ಗದವರಿಗೆ ಹೇಳಿಕೊಡಬೇಕಾಗಿಲ್ಲ. ಆದುದರಿಂದ ನೀರಿನ ಪಂಪು, ಮಿಕ್ಸರ್‌ಗಳನ್ನು ಸಣ್ಣ ಇನ್ವರ್ಟರಿಗೆ ಜೋಡಿಸಬಾರದು. ಇಸ್ತ್ರಿ, ಗೀಸರುಗಳಂತೂ ಕೂಡದು. ಫ್ರಿಜ್ಜಿನ ಬಾಗಿಲನ್ನು ತೆರೆಯದಿದ್ದರೆ ಒಳಗಿನ ತಂಪು ಸುಮಾರು ನಾಲ್ಕು ತಾಸು ಉಳಿಯುತ್ತದೆ.

ಬ್ಯಾಟರಿಯು ಚಾರ್ಜ್ ಆಗುವಾಗ ಹೊತ್ತಿಕೊಳ್ಳುವ ಅನಿಲ ಹೊರಬರುವುದರಿಂದ ಗಾಳಿಯಾಡುವ ಸ್ಥಳ ಬೇಕು. ನದೀತೀರದ ಮನೆಗಳಲ್ಲಿ ಪೂರದ ನೀರು ಮುಟ್ಟದಷ್ಟು ಎತ್ತರವೂ ಬೇಕು. ಜೋಡಣೆಯನ್ನು ಮಾತ್ರ ಬಲ್ಲವರಿಂದಲೇ ಮಾಡಿಸಿರಿ. ತಪ್ಪಾಗಿ ಜೋಡಿಸಿದರೆ ನಮ್ಮ ಮನೆಯ ವಿದ್ಯುತ್ತು ಹೊರಗಿನ ತಂತಿಗೆ ಹರಿದು, ದುರಸ್ತಿಗೆಂದು ಕಂಬವೇರಿದ ವಾಯರ್‌ಮನ್ನನ ಜೀವಕ್ಕೇ ಸಂಚಕಾರ ತರಬಹುದು.

‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂದರು ಹಿರಿಯರು. ಇಲ್ಲಿ ಮೊದಲು ಕಾಲನ್ನು ಅಳೆದು, ಆಮೇಲೆ ಹಾಸಿಗೆ ಕೊಳ್ಳತಕ್ಕದ್ದು. ಅಂಗಡಿಗೆ ಹೋಗುವ ಮುನ್ನ ಮಕ್ಕಳ ಕೈಗೊಂದು ಹಾಳೆ ಕೊಟ್ಟು, ಮನೆಯ ಉಪಕರಣಗಳ ವ್ಯಾಟುಗಳನ್ನು ಬರೆಸಿರಿ. ಅವರಿಗೆ ಗಣಿತ ಒಲಿಯುವುದು, ನಿಮಗೆ ಹಣ ಉಳಿಯುವುದು.