ಉಬ್ಬಸದ ಮಕ್ಕಳ ಮಳೆಗಾಲ ಮೇ ತಿಂಗಳಲ್ಲೇ ಶುರು

ಮಗುವಿಗೆ ನೆಗಡಿ ಹಿಡಿದು ಎರಡು ಮೂರು ದಿನಕ್ಕೆ ಉಬ್ಬಸ ಎದ್ದರೆ ಮನೆಯವರ ಸಿಟ್ಟೆಲ್ಲ ಬಾಳೆಹಣ್ಣು, ಮೊಸರು, ಐಸ್‌ಕ್ರೀಮಿನ ಮೇಲೆ. ನಿಜವಾದ ಅಪರಾಧಿ ಬೇರೆಯೇ ಎಂದು ಗೊತ್ತಾಗಿ ಮೂರು ದಶಕ ಕಳೆದಿದೆ. ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ 9ರಿಂದ 11 ವರ್ಷದ ಮಕ್ಕಳ ಮೇಲೆ ನಡೆದು 1995ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಉಬ್ಬಸ ಉಲ್ಬಣಿಸಿದ ಪ್ರಸಂಗಗಳ ಪೈಕಿ ಶೇ 80ರಿಂದ 85ರಷ್ಟರಲ್ಲಿ ವೈರಾಣು ಪತ್ತೆಯಾಗಿತ್ತು. ಅದರಲ್ಲಿ ಸಿಂಹಪಾಲು ಮಾಮೂಲಿ ನೆಗಡಿ ತರುವ ರೈನೋವೈರಸ್‌ನದು. ಮಕ್ಕಳು ಒಟ್ಟುಗೂಡಿದಲ್ಲಿ ಈ ನೆಗಡಿ ಹರಡುತ್ತದೆ: ಕೆನಡಾದಲ್ಲಿ ಸೆಪ್ಟೆಂಬರ್ ಮೊದಲಿಗೆ ಶಾಲೆ ತೆರೆದು ಎರಡೂವರೆ ವಾರವಾಗುವಷ್ಟರಲ್ಲಿ ಆಸ್ತಮಾ ಇರುವ ಮಕ್ಕಳ ಆಸ್ಪತ್ರೆ ದಾಖಲಾತಿ ವರ್ಷದ ಗರಿಷ್ಠ ಮಟ್ಟ ಮುಟ್ಟುತ್ತದೆ; ಪ್ರತಿವರ್ಷವೂ ಇದೇ ಕಥೆ. ನಮ್ಮಲ್ಲಿ ಶಾಲೆ ತೆರೆಯುವುದು ಮೇ ಕೊನೆಗೆ, ಮುಂಗಾರಿನ ಹೊಸ್ತಿಲಲ್ಲೇ. ಹಾಗಿದ್ದ ಮೇಲೆ ಇಂಥ ಮಕ್ಕಳನ್ನು ವೈದ್ಯರಿಗೆ ತೋರಿಸಬೇಕಾದ್ದು ಬೇಸಿಗೆ ರಜೆಯಲ್ಲೇ.

ಆಸ್ತಮಾ ಇರುವ ಮಗುವಿನ ಶ್ವಾಸನಾಳದ ಒಳಪದರ ಆರಾಮವಾಗಿ ಆಡಿಕೊಂಡಿರುವಾಗಲೂ ತುಸು ಊದಿಕೊಂಡೇ ಇರುತ್ತದೆ. ವೈರಾಣು ಬಂದಿಳಿಯುವುದು ಆ ಊತದ ಮೇಲೆ. ಆ ಊತ ಇಳಿಸಿ ಉಬ್ಬಸ ತಡೆಗಟ್ಟುವ ಸ್ಟೆರಾಯ್ಡ್ ಇನ್‌ಹೇಲರ್ ಪೂರ್ತಿ ಫಲ ಕೊಡಲು ವಾರಗಳೇ ಬೇಕು. ಆದರೆ ರಜೆಯಲ್ಲಿ ಮಗು ಚೆನ್ನಾಗಿದೆ ಎಂದು ಎಷ್ಟೋ ಮನೆಗಳಲ್ಲಿ ನಿಲ್ಲಿಸುವುದು ಅದನ್ನೇ. ಅಮೆರಿಕದ ಒಂದು ಪ್ರಯೋಗದಲ್ಲಿ ಶಾಲೆ ತೆರೆಯುವ 4ರಿಂದ 6 ವಾರ ಮೊದಲು ಅಲರ್ಜಿ ತಗ್ಗಿಸುವ ಒಮಾಲಿಜುಮ್ಯಾಬ್ ಚುಚ್ಚುಮದ್ದು ಶುರು ಮಾಡಿದಾಗ ಆ ಋತುವಿನ ಉಬ್ಬಸ ಕಡಿಮೆಯಾಯಿತು. ಅದೇ ಪ್ರಯೋಗದಲ್ಲಿ, ದಿನವೂ ಇನ್‌ಹೇಲರ್ ಎಳೆಯುತ್ತಿದ್ದ ಮಕ್ಕಳಿಗೆ ಅದರ ಪ್ರಮಾಣ ಹೆಚ್ಚಿಸಿದ್ದರಿಂದ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಚುಚ್ಚುಮದ್ದು ನಮ್ಮ ಬಹುಪಾಲು ಜನರ ಕೈಗೆಟುಕದಷ್ಟು ದುಬಾರಿ, ಅದಿರಲಿ. ವೈದ್ಯರು ಬರೆದುಕೊಟ್ಟ ಪ್ರಮಾಣವನ್ನೇ ರಜೆಯಲ್ಲೂ ಬಿಡದೆ ಎಳೆಸುವುದಕ್ಕೆ ಅಷ್ಟು ಖರ್ಚಿಲ್ಲ.

ಇನ್‌ಹೇಲರ್ ಎಂದ ಕೂಡಲೇ ಬರುವ ಆಕ್ಷೇಪ ಎರಡು: ಅದು ಚಟವಾಗುತ್ತದೆ, ಸ್ಟೆರಾಯ್ಡ್‌ನಿಂದ ಮಗು ಕುಳ್ಳಾಗುತ್ತದೆ. ಮೊದಲನೆಯದಕ್ಕೆ ಆಧಾರವೇ ಇಲ್ಲ. ಎರಡನೆಯದರಲ್ಲಿ ಎಳ್ಳಷ್ಟು ನಿಜವಿದೆ. ವರ್ಷಗಟ್ಟಲೆ ಬುಡೆಸೊನೈಡ್ ಎಂಬ ಸ್ಟೆರಾಯ್ಡನ್ನು ಇನ್‌ಹೇಲರ್‌ನಲ್ಲಿ ಎಳೆದ ಮಕ್ಕಳು ದೊಡ್ಡವರಾದ ಮೇಲೆ ಸರಾಸರಿ 1.2 ಸೆಂಟಿಮೀಟರ್ ಗಿಡ್ಡವಾಗಿದ್ದರು ಎಂದು 2012ರಲ್ಲಿ ವರದಿಯಾಯಿತು. ಅಂದರೆ ಅರ್ಧ ಅಂಗುಲದ ಲೆಕ್ಕ. ಪದೇ ಪದೇ ಉಬ್ಬಸವೆದ್ದು ಬಾಯಲ್ಲಿ ಸ್ಟೆರಾಯ್ಡ್ ನುಂಗಿಸುವುದರ ಮುಂದೆ ಇದು ಸಣ್ಣ ಬೆಲೆ. ಇಷ್ಟು ಹೆದರುವ ನಾವೇ ಕೆಮ್ಮಿನ ಸಿರಪ್ಪನ್ನು ನಿಶ್ಚಿಂತೆಯಿಂದ ಕುಡಿಸುತ್ತೇವೆ. ಶ್ವಾಸನಾಳ ಹಿಗ್ಗಿಸಿ ಉಬ್ಬಸ ಇಳಿಸುವ ಸಾಲ್ಬುಟಮಾಲ್ ಸಿರಪ್ಪಿನ ಒಂದು ಚಮಚದಲ್ಲಿ, ಅಂದರೆ 5 ಮಿಲಿಲೀಟರಿನಲ್ಲಿ, 2 ಮಿಲಿಗ್ರಾಂ ಔಷಧಿ ಇರುತ್ತದೆ. ಅದೇ ಔಷಧಿಯ ಇನ್‌ಹೇಲರ್ ಒಂದು ಸಲ ಒತ್ತಿದರೆ ಬರುವುದು 100 ಮೈಕ್ರೋಗ್ರಾಂ, ಅಂದರೆ ಇಪ್ಪತ್ತನೇ ಒಂದು ಪಾಲು. ಸಿರಪ್ಪು ಮೈಯೆಲ್ಲ ಸುತ್ತಿ ಕೈ ನಡುಗಿಸುತ್ತದೆ. ಇನ್‌ಹೇಲರ್‌ಗೆ ಜೋಡಿಸುವ ಸ್ಪೇಸರ್ ಎಂಬ ಕೊಳವೆಯ ಮೂಲಕ ಎಳೆದದ್ದು ನೇರ ಶ್ವಾಸಕೋಶಕ್ಕೆ. ಜಗತ್ತಿನ ಆಸ್ತಮಾ ರೋಗಿಗಳಲ್ಲಿ ಭಾರತದ ಪಾಲು ಸುಮಾರು ಶೇ 13, ಆಸ್ತಮಾ ಸಾವುಗಳಲ್ಲಿ ಶೇ 42 ಎನ್ನುತ್ತವೆ ಜಾಗತಿಕ ಅಂದಾಜುಗಳು. ಈ ಅಂತರದಲ್ಲಿ ಇನ್‌ಹೇಲರ್ ಭಯದ ಪಾಲೂ ಇದೆ.

ಹೊಗೆ, ದೂಳನ್ನು ಬಿಟ್ಟು ನೆಗಡಿಯ ಬೆನ್ನು ಹತ್ತುವುದೇಕೆ ಎಂದು ಬೆಂಗಳೂರಿನವರು ಕೇಳಬಹುದು. ನ್ಯಾಯವಾದ ಪ್ರಶ್ನೆ. ನಗರದ ಮಕ್ಕಳಲ್ಲಿ ಆಸ್ತಮಾ 1979ರ ಶೇ 9ರಿಂದ 1999ಕ್ಕೆ ಶೇ 29.5ಕ್ಕೆ ಏರಿದ್ದನ್ನು ದಾಖಲಿಸಿದ ಡಾ. ಎಚ್. ಪರಮೇಶ್ ವಾಹನಗಳ ಹೊಗೆಯತ್ತಲೂ ಬೊಟ್ಟು ಮಾಡಿದ್ದರು. ಆದರೆ ಕೋವಿಡ್ ಲಾಕ್‌ಡೌನ್ ವೇಳೆ ಫಿಲಡೆಲ್ಫಿಯಾದ ಮಕ್ಕಳ ಆಸ್ಪತ್ರೆಗೆ ಆಸ್ತಮಾಗಾಗಿ ಬರುವವರು ಮುಕ್ಕಾಲು ಪಾಲು ಕಡಿಮೆಯಾದಾಗ ಗಾಳಿಯ ಗುಣಮಟ್ಟದಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಇರಲಿಲ್ಲ, ಇಳಿದದ್ದು ರೈನೋವೈರಸ್. ಹೊಗೆಗೆ ಸರ್ಕಾರವನ್ನು ಕಾಯಬೇಕು, ಇನ್‌ಹೇಲರ್‌ಗೆ ಕಾಯಬೇಕಿಲ್ಲ. ಐದರೊಳಗಿನ ಮಕ್ಕಳ ಮಾತು ಮಾತ್ರ ಬೇರೆ: ನೆಗಡಿಯಾದಾಗಷ್ಟೇ ಎದೆ ಸುಯ್‌ಗುಡುವ ಅನೇಕ ಕೂಸುಗಳು ಶಾಲೆಗೆ ಹೋಗುವ ಹೊತ್ತಿಗೆ ತಾವಾಗೇ ಸರಿಹೋಗುತ್ತವೆ. ಅವರಿಗೆಲ್ಲ ಆಸ್ತಮಾ ಎಂಬ ಹಣೆಪಟ್ಟಿ ಹಚ್ಚುವ ಅವಸರ ಬೇಡ.

ಹಾಗೆಂದು ನೆಗಡಿಗೆ ಹೆದರಿ ದೊಡ್ಡ ಮಕ್ಕಳನ್ನು ಮನೆಯಲ್ಲಿ ಕೂರಿಸಲಾಗದು, ಶಾಲೆಯೇ ಸಿದ್ಧವಾಗಬೇಕು. ಉಬ್ಬಸ ಎದ್ದಾಗ ಒತ್ತುವ ಮಗುವಿನ ಇನ್‌ಹೇಲರ್ ಮುಖ್ಯೋಪಾಧ್ಯಾಯರ ಬೀರುವಿನಲ್ಲಿ ಬೀಗದೊಳಗಿದ್ದರೆ ಉಪಯೋಗವಿಲ್ಲ, ಅದು ತರಗತಿಯಲ್ಲೇ ಇರಬೇಕು. ಯಾವಾಗ, ಎಷ್ಟು ಸಲ ಒತ್ತಬೇಕು, ಯಾವ ಲಕ್ಷಣ ಕಂಡರೆ ಆಸ್ಪತ್ರೆಗೆ ಓಡಬೇಕು ಎಂದು ವೈದ್ಯರು ಕನ್ನಡದಲ್ಲಿ ಬರೆದುಕೊಟ್ಟ ಒಂದು ಹಾಳೆಯನ್ನು ದಾಖಲಾತಿ ಅರ್ಜಿಯ ಜೊತೆಗೇ ಶಿಕ್ಷಣ ಇಲಾಖೆ ಕೇಳಲಿ.